ತನಿಖೆಯವರಿಗೆ ಕೊಯ್ದ ಕುರಿ

ಸೆಪ್ಟೆಂಬರ್ 11

ಗಾಳಿ ವಾಯವ್ಯದಿಂದ, ಸೆಕೆಂಡಿಗೆ ಒಂಬತ್ತು ಮೀಟರ್. ಕಣ್ಣಿಗೆ ಕಾಣುವ ದೂರ ಬೆಳಿಗ್ಗೆ ಎಂಟಕ್ಕೆ ನಾಲ್ಕು ಕಿಲೋಮೀಟರ್, ಹನ್ನೊಂದಕ್ಕೆ ಒಂದೂವರೆ.

ಕೆಲಸ ಬಿಟ್ಟು ಆರು ವರ್ಷವಾದರೂ ಇದನ್ನು ಬರೆಯದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಈ ತಾಲ್ಲೂಕಿನ ಹವಾಮಾನ ಕೇಂದ್ರದಲ್ಲಿ ಮೂರು ಗಂಟೆಗೊಮ್ಮೆ ಇದನ್ನೇ ಬರೆದವಳು ನಾನು.

ಉಲಾನ್‌ಬಾತರ್‌ನಿಂದ ಸರ್ಕಾರಿ ಗೆಜೆಟ್ ಬಂತು, ಎಂದಿನಂತೆ ಒಂಬತ್ತು ದಿನ ತಡವಾಗಿ. ಕಲ್ಲಿದ್ದಲು ರಫ್ತಿನ ಹೊಸ ನಿಯಮದ ಕರಡು ಅದರಲ್ಲಿದೆ. ಗಣಿಯಿಂದ ದಕ್ಷಿಣದ ಗಡಿಗೆ ಹೋಗುವ ಲಾರಿಗಳು ಇನ್ನು ಮುಂದೆ ಟಾರು ರಸ್ತೆಯಲ್ಲೇ ಹೋಗಬೇಕು, ಕಲ್ಲಿದ್ದಲನ್ನು ಮುಚ್ಚಿದ ಪೆಟ್ಟಿಗೆಯಲ್ಲೇ ಒಯ್ಯಬೇಕು. ಓದಿ ಎದ್ದು ನಿಂತೆ. ಮುಂದಿನ ಸಾಲು ಓದಿ ಮತ್ತೆ ಕೂತೆ. ಇದು ಎಲ್ಲ ಹೋಬಳಿಗೂ ಅಲ್ಲ. ದೂಳಿನಿಂದ ಜಾನುವಾರುಗಳಿಗೆ ಹಾನಿಯಾಗಿದೆ ಎಂದು ತನಿಖಾ ಸಮಿತಿ ಒಪ್ಪಿದ ಹೋಬಳಿಗಳಿಗೆ ಮಾತ್ರ. ಉಳಿದ ಕಡೆ ಇನ್ನೂ ಐದು ವರ್ಷ ಈಗಿನಂತೆಯೇ.

ನನ್ನ ತಂಗಿ ಪಗ್ಮಾ ಇರುವ ನರಿನ್ ಬಾವಿ ಹೋಬಳಿಯಿಂದ ಈ ಲಾರಿಗಳನ್ನು ತಪ್ಪಿಸಬೇಕೆಂದು ಹನ್ನೊಂದು ವರ್ಷದಿಂದ ಹದಿನಾಲ್ಕು ಅರ್ಜಿ ಬರೆದಿದ್ದೇನೆ. ಟಾರು ರಸ್ತೆ ಇದೆ, ಆದರೆ ಅಲ್ಲಿ ಸುಂಕ ಕೊಡಬೇಕು. ಅದಕ್ಕೇ ಲಾರಿಗಳು ಹುಲ್ಲುಗಾವಲಿನ ಮೇಲೆ ಓಡುತ್ತವೆ. ಒಂದು ದಾರಿ ಕುಳಿಬಿದ್ದರೆ ಪಕ್ಕದಲ್ಲಿ ಇನ್ನೊಂದು. ಹೋದ ವಸಂತದಲ್ಲಿ ಎಣಿಸಿದಾಗ ಇಪ್ಪತ್ತಮೂರು ದಾರಿಗಳಿದ್ದವು, ಒಂದರ ಪಕ್ಕ ಒಂದು, ಯಾರೋ ಭೂಮಿಯನ್ನು ಬಾಚಿದ ಹಾಗೆ.

ಈ ದೇಶ ಏನೇನು ಮಾರಿತೆಂದು ನನಗೆ ನೆನಪಿದೆ. ಸಹಕಾರಿ ಸಂಘದ ಕಾಲದಲ್ಲಿ ಉಣ್ಣೆ ಉತ್ತರಕ್ಕೆ ಹೋಯಿತು. ತೊಂಬತ್ತರ ದಶಕದಲ್ಲಿ ಕಂಬದ ಮೇಲಿನ ತಾಮ್ರದ ತಂತಿ ದಕ್ಷಿಣಕ್ಕೆ ಹೋಯಿತು. ನನ್ನ ಕೇಂದ್ರದ ವರದಿ ಕಳಿಸಲು ಎರಡು ವರ್ಷ ಟೆಲಿಫೋನ್ ಇರಲಿಲ್ಲ. ಆಮೇಲೆ ಹುಲ್ಲೆಯ ಕೊಂಬು, ಔಷಧದ ಬೇರು. ಈಗ ಕಲ್ಲಿದ್ದಲು. ಕೊಳ್ಳುವವರಿಗೆ ಶುದ್ಧ ಕಲ್ಲಿದ್ದಲು ಬೇಕಂತೆ. ಗಡಿಯಲ್ಲಿ ಬೂದಿಯ ಅಂಶ ಅಳೆದು ತೆಗೆದುಕೊಳ್ಳುತ್ತಾರೆ. ದಾರಿಯುದ್ದಕ್ಕೂ ಉದುರಿದ್ದನ್ನು ಅಳೆಯುವವರು ಯಾರೂ ಇಲ್ಲ.

ಸೆಪ್ಟೆಂಬರ್ 19

ಗಾಳಿ ಪಶ್ಚಿಮ, ಆರು ಮೀಟರ್. ಕಾಣುವ ದೂರ ಎರಡು ಕಿಲೋಮೀಟರ್. ಲಾರಿಗಳ ಸಾಲು ಹೋದ ಮೇಲೆ ನೂರು ಮೀಟರ್ ಕೂಡ ಇಲ್ಲ.

ಅಂಚೆ ಜೀಪಿನಲ್ಲಿ ಪಗ್ಮಾಳ ಗುಡಾರಕ್ಕೆ ಹೋಗಿದ್ದೆ. ಗುಡಾರದ ಬಿಳಿ ಕಂಬಳಿ ಈಗ ಬೂದು ಬಣ್ಣಕ್ಕೆ ತಿರುಗಿದೆ. ಅವಳು ಚಹಾದ ಪಾತ್ರೆಗೆ ಬಟ್ಟೆ ಕಟ್ಟಿಯೇ ಇಡುತ್ತಾಳೆ.

ಅವಳ ಗಂಡ ದಾಮ್ದಿನ್‌ಗೆ ಗೆಜೆಟ್ ಓದಿ ಹೇಳಿದೆ. ಈ ಮನುಷ್ಯ ಯಾವ ಅರ್ಜಿಗೂ ತಾನಾಗಿ ಸಹಿ ಹಾಕಿದವನಲ್ಲ.

"ನೋಡೋಣ ಅಕ್ಕ," ಅಂದ.

"ಏನು ನೋಡೋದು? ಹೋದ ಚಳಿಗಾಲ ನೀನು ಕೊಯ್ದ ಕುರಿಗಳ ಶ್ವಾಸಕೋಶ ಹೇಗಿತ್ತು, ಹೇಳು."

"ಕಪ್ಪಗಿತ್ತು. ನಾಯಿಗೆ ಹಾಕಿದೆ."

"ಎಷ್ಟರಲ್ಲಿ?"

"ಎಲ್ಲದರಲ್ಲೂ."

"ಅದನ್ನ ಯಾರಿಗಾದರೂ ತೋರಿಸಿದ್ಯಾ?"

"ತೋರಿಸೋ ಅಂಥದ್ದಾ ಅದು?" ಅಂದು ಎದ್ದು ಹೋದ.

ಪಗ್ಮಾ ನಕ್ಕಳು. "ನಿನ್ನ ಹದಿನಾಲ್ಕು ಕಾಗದ ಮೇಕೆಗೆ ಹಾಕಿದ್ರೆ ಒಂದು ಹೊತ್ತಿನ ಮೇವಾದ್ರೂ ಆಗ್ತಿತ್ತು ಅಕ್ಕ."

ಅಜ್ಞಾನ ಎಂದರೆ ಇದೇ. ಜನ ಬಾಯಿ ಬಿಡದಿದ್ದರೆ ಮಂತ್ರಿಗಳಿಗೆ ಹೇಗೆ ಗೊತ್ತಾಗಬೇಕು?

ಸೆಪ್ಟೆಂಬರ್ 28

ಗಾಳಿ ಉತ್ತರ, ನಾಲ್ಕು ಮೀಟರ್. ಕಾಣುವ ದೂರ ಹತ್ತು ಕಿಲೋಮೀಟರ್. ಗಡಿಗೆ ರಜೆಯಂತೆ, ಲಾರಿಗಳಿಲ್ಲ.

ತನಿಖಾ ಸಮಿತಿ ಬರುತ್ತಿದೆ. ನರಿನ್ ಬಾವಿಗೆ ಅಕ್ಟೋಬರ್ ಒಂಬತ್ತಕ್ಕೆ, ಒಂದೇ ದಿನ. ತಾಲ್ಲೂಕು ಕಚೇರಿಯವರು ದಾರಿಯ ಪಕ್ಕದಲ್ಲಿದೆ ಅಂತ ದಾಮ್ದಿನ್‌ನ ಗುಡಾರವನ್ನೇ ಗೊತ್ತು ಮಾಡಿದ್ದಾರೆ. ಹದಿನಾಲ್ಕನೆಯ ಅರ್ಜಿ ಕೆಲಸ ಮಾಡಿತು.

ಪಗ್ಮಾಗೆ ಫೋನ್ ಮಾಡಿ ಮೂರು ವಿಷಯ ಹೇಳಿದೆ. ಗುಡಾರದ ಮುಂದೆ ಗುಡಿಸಿರಬೇಕು. ದಾಮ್ದಿನ್ ಒಳ್ಳೆಯ ನಿಲುವಂಗಿ ಹಾಕಿರಬೇಕು. ಊಟ ಚೆನ್ನಾಗಿರಬೇಕು, ಬಾಲದಲ್ಲಿ ಕೊಬ್ಬಿಲ್ಲದ ಒಣಕಲು ಕುರಿಯನ್ನು ಅವರ ಮುಂದಿಟ್ಟು ಭಿಕ್ಷುಕರ ಹಾಗೆ ಕಾಣಿಸಿಕೊಳ್ಳಬಾರದು. ನಾವು ಹಕ್ಕು ಕೇಳುತ್ತಿದ್ದೇವೆ, ಕರುಣೆ ಅಲ್ಲ.

"ನಮ್ಮ ಹಿಂಡಲ್ಲಿ ಕೊಬ್ಬಿದ ಬಾಲ ಎಲ್ಲಿದೆ?" ಅಂದಳು.

"ಎಲ್ಲಿಂದಾದ್ರೂ ತರಿಸು. ರಾಜಧಾನಿಯವರು ಗೋಬಿಗೆ ಬಂದು ಹಸ್ಕೊಂಡು ಹೋದ್ರು ಅನ್ನಿಸ್ಕೋಬೇಡ."

ಅಕ್ಟೋಬರ್ 3

ಗಾಳಿ ವಾಯವ್ಯ, ಹನ್ನೊಂದು ಮೀಟರ್. ಕಾಣುವ ದೂರ ಎಂಟುನೂರು ಮೀಟರ್.

ಸಮಿತಿಗೆ ಕೊಡಲು ಇಪ್ಪತ್ತೊಂಬತ್ತು ವರ್ಷದ ದೂಳಿನ ದಿನಗಳ ಪಟ್ಟಿ ಮಾಡಿದೆ. ಮೊದಲ ಹತ್ತು ವರ್ಷ ಸರಾಸರಿ ಮೂವತ್ತೆಂಟು ದಿನ, ಕೊನೆಯ ಮೂರು ವರ್ಷ ನೂರಾ ನಾಲ್ಕು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರ ಬಳಿ ಇದೆ?

ಅಕ್ಟೋಬರ್ 9

ಗಾಳಿ ನೈಋತ್ಯ, ಮೂರು ಮೀಟರ್. ಕಾಣುವ ದೂರ ಇಪ್ಪತ್ತು ಕಿಲೋಮೀಟರ್. ಇಡೀ ವರ್ಷದಲ್ಲಿ ಇಂಥ ದಿನ ಹತ್ತೂ ಸಿಗುವುದಿಲ್ಲ, ಇವತ್ತೇ ಸಿಗಬೇಕೇ?

ಸಮಿತಿಯಿಂದ ಮೂವರು ಬಂದರು. ಸೊಲೊಂಗೊ ಎಂಬ ಹುಡುಗಿ ಮುಖ್ಯಸ್ಥೆ, ಮೂವತ್ತೂ ಆಗಿರಲಿಕ್ಕಿಲ್ಲ. ಲುವ್ಸಾನ್ ಎಂಬ ಪಶುವೈದ್ಯರು, ಗಟ್ಟಿ ಕೈಯ ಹಳೇ ಮನುಷ್ಯ. ಇನ್ನೊಬ್ಬ ಚಾಲಕ.

ದಾಮ್ದಿನ್ ನನ್ನ ಮಾತು ಉಳಿಸಿದ. ಉತ್ತರದ ಬೆಟ್ಟದಲ್ಲಿರುವ ತನ್ನ ಅಣ್ಣನ ಹಿಂಡಿನಿಂದ ಎರಡು ದಿನದ ಹಿಂದೆ ಮೋಟಾರ್‌ಸೈಕಲ್ ಮೇಲೆ ಒಂದು ಟಗರು ತಂದಿದ್ದ. ಬಾಲ ದಿಂಬಿನಷ್ಟು. ಅತಿಥಿಗಳ ಮುಂದೆಯೇ ಮಲಗಿಸಿ, ಎದೆಯ ಕೆಳಗೆ ಗೇಣಿಗೂ ಕಡಿಮೆ ಸೀಳಿ, ಕೈ ಹಾಕಿ ಹೃದಯದ ರಕ್ತನಾಳ ಹಿಸುಕಿದ. ಒಂದು ಹನಿ ರಕ್ತ ನೆಲಕ್ಕೆ ಬೀಳಲಿಲ್ಲ. ಚಾಲಕನೂ ತಲೆದೂಗಿದ.

ಸೊಲೊಂಗೊ ಒಳ್ಳೆಯ ಹುಡುಗಿ. "ತಪಾಸಣೆಗೆ ಅಂತ ಇನ್ನೊಂದು ಕುರಿ ಕೊಯ್ಸೋದು ಬೇಡ. ಇವರಿಗೆ ಯಾಕೆ ನಷ್ಟ? ಇದನ್ನೇ ನೋಡಿಬಿಡಿ ಡಾಕ್ಟ್ರೇ," ಅಂದಳು. ಲುವ್ಸಾನ್ ಬೋಗುಣಿಯ ಮೇಲೆ ಬಗ್ಗಿ ಒಳಾಂಗಗಳನ್ನೆಲ್ಲ ತಿರುವಿ ನೋಡಿದರು.

"ಭಾರಿ ಟಗರು. ನಿಮ್ಮದೇ ಹಿಂಡಿಂದಾ?" ಅಂತ ಕೇಳಿದರು.

"ನಮ್ಮದೇ," ಅಂದ ದಾಮ್ದಿನ್.

ಮತ್ತೇನು ಹೇಳುತ್ತಾನೆ? ಅತಿಥಿಯ ಮುಂದೆ ಇದು ಬೇರೆಯವರ ಕುರಿ ಎನ್ನಲಾಗುತ್ತದೆಯೇ?

ಪಗ್ಮಾ ಕರುಳು, ಯಕೃತ್ತು, ಶ್ವಾಸಕೋಶ ಎಲ್ಲ ಬೇಯಿಸಿ ಬಿಸಿಬಿಸಿ ಇಟ್ಟಳು. ಆಮೇಲೆ ಬಾಲ ಸಮೇತ ಬೆನ್ನು. ಮೂವರೂ ಬೆವರುವಷ್ಟು ಉಂಡರು. ನನ್ನ ಪಟ್ಟಿಯನ್ನು ಸೊಲೊಂಗೊ ಎರಡೂ ಕೈಯಲ್ಲಿ ತೆಗೆದುಕೊಂಡಳು. ನಮ್ಮ ಕಡೆಯಿಂದ ಯಾವ ಕೊರತೆಯೂ ಆಗಲಿಲ್ಲ.

ಅಕ್ಟೋಬರ್ 20

ಗಾಳಿ ವಾಯವ್ಯ, ಹತ್ತು ಮೀಟರ್. ದೂರ ನೋಡಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಸಮಿತಿಯ ವರದಿಯ ಪ್ರತಿ ಸಿಕ್ಕಿತು. ನರಿನ್ ಬಾವಿ, ಪುಟ ಹನ್ನೆರಡು. "ಸ್ಥಳದಲ್ಲಿ ಕೊಯ್ದ ನಾಲ್ಕು ವರ್ಷದ ಟಗರನ್ನು ಪರೀಕ್ಷಿಸಲಾಯಿತು. ಶ್ವಾಸಕೋಶ ತಿಳಿಗೆಂಪು, ಮೃದು, ಆರೋಗ್ಯಕರ. ಕೊಬ್ಬಿನ ಪ್ರಮಾಣ ಸರಾಸರಿಗಿಂತ ಹೆಚ್ಚು. ಹಾನಿ ಕಂಡುಬಂದಿಲ್ಲ." ನನ್ನ ದೂಳಿನ ಪಟ್ಟಿ ಅನುಬಂಧದಲ್ಲಿದೆ, "ಹವಾಮಾನದ ಸಹಜ ಏರಿಳಿತ" ಎಂಬ ಷರಾದೊಂದಿಗೆ.

ಆಕ್ಷೇಪಣೆ ಇದ್ದರೆ ನವೆಂಬರ್ ಹದಿನೈದರೊಳಗೆ.

ಅಕ್ಟೋಬರ್ 21

ಗಾಳಿ ಇತ್ತು.

ಫೋನಿನಲ್ಲಿ ದಾಮ್ದಿನ್‌ಗೆ ಬಾಯಿಗೆ ಬಂದಂತೆ ಬೈದೆ. ಐವತ್ತೆಂಟು ವರ್ಷದ ಗಂಡಸಿಗೆ ತನಿಖೆ ಯಾವುದು, ಹಬ್ಬ ಯಾವುದು ಗೊತ್ತಾಗಬೇಡವೇ? ಐದು ವರ್ಷ. ಆ ಬಾವಿಯ ಸುತ್ತ ಅರವತ್ತು ಕುಟುಂಬಗಳಿವೆ. ಐದು ವರ್ಷದಲ್ಲಿ ಅಲ್ಲಿ ಬಾಚಲು ಹುಲ್ಲೂ ಉಳಿದಿರುವುದಿಲ್ಲ. ಫೋನನ್ನು ಪಗ್ಮಾ ಕಸಿದುಕೊಂಡಳು.

"ಎಲ್ಲಿಂದಾದ್ರೂ ತರಿಸು ಅಂದಿದ್ದು ನೀನೇ."

"ನಾನು ಹಾಗೆ ಹೇಳಿಲ್ಲ. ಚೆನ್ನಾಗಿ ನೋಡ್ಕೊಳ್ಳಿ ಅಂದಿದ್ದೆ, ಅಷ್ಟೇ."

"ಎಲ್ಲಾ ಬರೆದಿಡ್ತೀಯಲ್ಲ. ನೋಡ್ಕೋ," ಅಂದು ಇಟ್ಟಳು.

ಪಗ್ಮಾಗೆ ಚಿಕ್ಕಂದಿನಿಂದಲೂ ನೆನಪಿನ ಶಕ್ತಿ ಕಡಿಮೆ. ಶಾಲೆಯಲ್ಲಿ ನದಿಗಳ ಹೆಸರು ಕೂಡ ನಿಲ್ಲುತ್ತಿರಲಿಲ್ಲ.

ಅಕ್ಟೋಬರ್ 22

ಸೆಪ್ಟೆಂಬರ್ 28ರ ಪುಟ ನೋಡಿದೆ.

ಅಕ್ಟೋಬರ್ 30

ಆಕ್ಷೇಪಣೆಯ ನಿಯಮ ಓದಿದೆ. ಮರುತಪಾಸಣೆ ಆಗಬೇಕಾದರೆ, ಪರೀಕ್ಷಿಸಿದ ಪ್ರಾಣಿ ಆ ಹೋಬಳಿಯದಲ್ಲ ಎಂದು ಅದನ್ನು ಒದಗಿಸಿದವನೇ ಬರೆದು ಸಹಿ ಮಾಡಬೇಕು. ಬೇರೆ ಯಾರ ಸಹಿಯೂ ನಡೆಯುವುದಿಲ್ಲ.

ನರಿನ್ ಬಾವಿಗೆ ಹೋದೆ. ದಾಮ್ದಿನ್ ಕುರಿದೊಡ್ಡಿಯ ಗೋಡೆಗೆ ಸಗಣಿ ಇಟ್ಟಿಗೆ ಜೋಡಿಸುತ್ತಿದ್ದ. ಕಾಗದ ತೋರಿಸಿದೆ. ಕೈ ಒರೆಸಿಕೊಂಡು ನಿಧಾನವಾಗಿ ಓದಿದ.

"ಇದರಲ್ಲಿ ನಾನು ಸುಳ್ಳು ಹೇಳಿದೆ ಅಂತ ಇದೆ."

"ಹೇಳಿದ್ದು ನಿಜ ತಾನೇ?"

"ಅಕ್ಕ, ಬೇರೆಯವರ ಕುರಿನ ನಂದು ಅಂತ ಅತಿಥಿಗೆ ಬಡಿಸಿದೆ ಅಂತ ನಾನು ಬರ್ಕೊಡ್ಲಾ? ಅದನ್ನ ಪಂಚಾಯ್ತಿ ಗೋಡೆಗೆ ಅಂಟಿಸ್ತಾರೆ."

"ಅಂಟಿಸ್ಲಿ. ಐದು ವರ್ಷ ದೂಳು ತಿನ್ನೋದಕ್ಕಿಂತ ಮೇಲಲ್ವಾ?"

"ಇನ್ನೊಂದಿದೆ. ನರಿನ್ ಬಾವಿ ಕುರಿಯ ಶ್ವಾಸಕೋಶ ಕಪ್ಪು ಅಂತ ಗೆಜೆಟಲ್ಲೇ ಬಂದ್ರೆ ನಮ್ಮ ಮಾಂಸ ಯಾರು ತಗೋತಾರೆ? ಪೇಟೆ ಅಂಗಡಿಯೋನು ಗಾಡಿ ನಿಲ್ಸೋದೂ ಇಲ್ಲ. ನಿಮ್ಮ ಪುಸ್ತಕದಲ್ಲಿ ಅದಕ್ಕೇನು ಬರೆದಿದ್ದಾರೆ?"

ಏನೂ ಬರೆದಿಲ್ಲ. ಮೂರು ಸಲ ಓದಿದ್ದೇನೆ. ಲಾರಿಯ ಪೆಟ್ಟಿಗೆಯ ಮುಚ್ಚಳ ಎಷ್ಟು ದಪ್ಪವಿರಬೇಕು ಎಂದಿದೆ. ಕುರಿ ಸಾಕಿದವನು ಏನು ಮಾಡಬೇಕು ಎಂದಿಲ್ಲ.

ನವೆಂಬರ್ 6

ಅಂಚೆ ಜೀಪು ಕೆಟ್ಟು ವಾರದಿಂದ ಇಲ್ಲೇ ಇದ್ದೇನೆ. ಪಗ್ಮಾಗೆ ಸೊಂಟ ನೋವು, ಹಾಗಾಗಿ ಮಧ್ಯಾಹ್ನ ಹಿಂಡಿನ ಹಿಂದೆ ನಾನೇ ಹೋಗುತ್ತಿದ್ದೇನೆ. ದಾಮ್ದಿನ್ ದಾರಿಯಿಂದ ಆಚೆಯ ಮೇವಿಗೆ ಬಿಡುವುದೇ ಇಲ್ಲ. ದಾಟುವಾಗ ಹೋದ ವರ್ಷ ಏಳು ಕುರಿ ಲಾರಿಗೆ ಸಿಕ್ಕವಂತೆ. ನನಗೆ ಈ ವಿಷಯ ಗೊತ್ತಿರಲಿಲ್ಲ. ನನ್ನ ಯಾವ ಅರ್ಜಿಯಲ್ಲೂ ಇಲ್ಲ.

ಕುರಿಗಳ ಉಣ್ಣೆಗೆ ಕೈ ಹಾಕಿದರೆ ಬೆರಳು ಕಪ್ಪಾಗುತ್ತದೆ. ಕೆಮ್ಮುತ್ತವೆ ಕೂಡ, ಮನುಷ್ಯರ ಹಾಗೆ, ತಲೆ ಬಗ್ಗಿಸಿಕೊಂಡು. ದಾಮ್ದಿನ್ ಬರೀ ಕೆಮ್ಮು ಕೇಳಿ ಯಾವ ಕುರಿ ಎಂದು ಹೇಳುತ್ತಾನೆ. ಪರೀಕ್ಷೆ ಮಾಡಿದೆ: ಬೆನ್ನು ತಿರುಗಿಸಿ ನಿಲ್ಲಿಸಿ ಒಂಬತ್ತು ಸಲ ಕೇಳಿದೆ, ಎಂಟು ಸಲ ಸರಿಯಾಗಿ ಹೇಳಿದ.

"ಇನ್ನೊಂದು?" ಅಂದೆ.

"ಅದು ನೀವು ಕೆಮ್ಮಿದ್ದು," ಅಂದ.

ಅವನು ಹಾಸ್ಯ ಮಾಡುತ್ತಾನೆಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ಮಾಂಸದ ಪ್ರಶ್ನೆಯನ್ನು ಸೊಲೊಂಗೊಗೆ ಬರೆದು ಕೇಳಿದೆ, ಗುಡಾರದಲ್ಲಿ ಕರೆ ಸಿಕ್ಕರೂ ಇಂಟರ್ನೆಟ್ ಸಿಗುವುದಿಲ್ಲ, ಗುಡ್ಡ ಹತ್ತಿ ಫೋನಿನಲ್ಲಿ ಕಳಿಸಿದೆ. ಸಂಜೆ ಹೋಗಿ ನೋಡಿದರೆ ಉತ್ತರವಿತ್ತು: "ಖಾಂಡ್ ಅಮ್ಮ, ಈ ನಿಯಮ ರಫ್ತಿಗೆ ಸಂಬಂಧಿಸಿದ್ದು. ಮಾಂಸದ ಮಾರಾಟ ನಮ್ಮ ಇಲಾಖೆಗೆ ಬರುವುದಿಲ್ಲ." ದಾಮ್ದಿನ್‌ಗೆ ಹಾಗೆಯೇ ಓದಿ ಹೇಳಿದೆ, ಏನನ್ನೂ ಬಿಡದೆ.

ನವೆಂಬರ್ 10

ಬೆಳಿಗ್ಗೆ ಚಹಾ ಆದ ಮೇಲೆ ಕಾಗದ ತೆಗೆದು ಬರೆದೆ. ನಿಯಮದ ಪ್ರಕಾರ ನನ್ನ ಸಹಿಗೆ ಬೆಲೆ ಇಲ್ಲ, ಆದರೂ ಬರೆದೆ. "ಅಕ್ಟೋಬರ್ ಒಂಬತ್ತರಂದು ಪರೀಕ್ಷಿಸಿದ ಟಗರು ಉತ್ತರದ ಬೆಟ್ಟದ್ದು. ಎಲ್ಲಿಂದಾದರೂ ಕೊಬ್ಬಿದ ಕುರಿ ತರಿಸಿರೆಂದು ಹೇಳಿದವಳು ನಾನು. ನಿಮ್ಮದೇ ಹಿಂಡಿನದೇ ಎಂದು ವೈದ್ಯರು ಕೇಳಿದಾಗ ಪಕ್ಕದಲ್ಲೇ ಕೂತಿದ್ದೆ, ಸುಮ್ಮನಿದ್ದೆ. ಅತಿಥಿಗಳು ಚೆನ್ನಾಗಿ ಉಂಡರೆಂದು ಸಂತೋಷಪಟ್ಟೆ." ಓದಿ ಹೇಳಿದೆ.

ಪಗ್ಮಾ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. "ಹದಿನೈದನೇ ಕಾಗದ ಪರವಾಗಿಲ್ಲ," ಅಂದಳು.

ದಾಮ್ದಿನ್ ನಶ್ಯದ ಬಾಟಲಿ ತೆಗೆದು ಸೇದಿ, ಮುಚ್ಚಳ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಪೆನ್ನು ಕೇಳಿದ. ನನ್ನ ಹೆಸರಿನ ಕೆಳಗೆ ಬರೆದ: "ನಮ್ಮದೇ ಎಂದು ಹೇಳಿದ್ದು ನಾನು. ಅದು ನಮ್ಮದಲ್ಲ."

"ಪೇಟೆಯೋನು ಬರದಿದ್ರೆ?" ಅಂದಳು ಪಗ್ಮಾ.

"ಬರದಿದ್ರೆ ಬರಲ್ಲ. ಈ ಲಾರಿ ಹೀಗೇ ಓಡಿದ್ರೆ ಅವನು ಬಂದಾಗ ಮಾರೋಕೆ ಏನಿರುತ್ತೆ?"

ಕಾಗದವನ್ನು ದಾಮ್ದಿನ್ ತಾನೇ ಮೋಟಾರ್‌ಸೈಕಲ್ ಮೇಲೆ ತಾಲ್ಲೂಕಿಗೆ ಒಯ್ದ. ಪಂಚಾಯ್ತಿ ಗೋಡೆಗೆ ಒಂದು ಪ್ರತಿಯನ್ನು ತಾನೇ ಅಂಟಿಸಿ ಬಂದನಂತೆ. ಯಾಕೆ ಎಂದು ಕೇಳಿದೆ.

"ಬೇರೆಯವರು ಅಂಟಿಸಿದ್ರೆ ಸೊಟ್ಟಗೆ ಅಂಟಿಸ್ತಾರೆ," ಅಂದ.

ನವೆಂಬರ್ 23

ಸೊಲೊಂಗೊ, ಲುವ್ಸಾನ್, ಅದೇ ಚಾಲಕ. ಹಿಮದ ಮೇಲೆ ಲಾರಿದಾರಿ ಕರಿಗೆರೆಯ ಹಾಗಿತ್ತು. ಸೊಲೊಂಗೊ ದಾಮ್ದಿನ್‌ನ ಮುಖ ನೋಡದೆ ನಮಸ್ಕಾರ ಹೇಳಿದಳು.

ದಾಮ್ದಿನ್ ಹಿಂಡನ್ನು ದೊಡ್ಡಿಯೊಳಗೆ ನಿಲ್ಲಿಸಿದ್ದ. "ಯಾವುದು ಬೇಕೋ ನೀವೇ ಹಿಡೀರಿ ಡಾಕ್ಟ್ರೇ. ನಾನು ಮುಟ್ಟಲ್ಲ," ಅಂದ.

ಲುವ್ಸಾನ್ ಹಿಂಡಿನೊಳಗೆ ಹೋಗಿ, ಒಂದನ್ನು ಬಿಟ್ಟು, ಇನ್ನೊಂದನ್ನು ಬಿಟ್ಟು, ಮೂರನೆಯದನ್ನು ಕಾಲು ಹಿಡಿದು ಎಳೆದರು. ನಮ್ಮ ಹೆಣ್ಣು ಕುರಿ, ಐದು ವರ್ಷದ್ದು, ಎಡಗಿವಿ ಸೀಳಿದ್ದು. ಹೋದ ವಾರ ನನ್ನ ಕೈಯಿಂದ ಉಪ್ಪು ನೆಕ್ಕಿತ್ತು. ದಾಮ್ದಿನ್ ಎಂದಿನಂತೆಯೇ ಮಾಡಿದ, ಒಂದು ಹನಿಯೂ ಬೀಳಲಿಲ್ಲ. ಈ ಸಲ ಯಾರೂ ತಲೆದೂಗಲಿಲ್ಲ.

ಬೋಗುಣಿಯಲ್ಲಿ ಶ್ವಾಸಕೋಶ ಒದ್ದೆ ಬೂದಿಯ ಬಣ್ಣಕ್ಕಿತ್ತು, ಅಂಚಿನಲ್ಲಿ ಇನ್ನೂ ಕಪ್ಪು. ಲುವ್ಸಾನ್ ಚಾಕು ಹಾಕಿದರು. ಒಣಗಿದ ಚರ್ಮ ಕುಯ್ದ ಹಾಗೆ ಸದ್ದು ಬಂತು. ಸೀಳಿನಿಂದ ಬಂದದ್ದನ್ನು ಬಿಳಿ ಕಾಗದದ ಮೇಲೆ ಸವರಿ ಸೊಲೊಂಗೊಗೆ ತೋರಿಸಿದರು. ಆಕೆ ಫೋಟೊ ತೆಗೆದಳು. ನಾಲ್ಕೈದು ಫೋಟೊ ಆದ ಮೇಲೆ ಗುಡಾರದ ಹಿಂದಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು.

"ಇನ್ನೂ ಎರಡು ನೋಡೋದಾ?" ಅಂತ ಕೇಳಿದ ದಾಮ್ದಿನ್.

"ಬೇಡ," ಅಂದರು ಲುವ್ಸಾನ್. "ನಲವತ್ತು ವರ್ಷದಲ್ಲಿ ಇಂಥದ್ದು ನಾನು ಗಣಿಯೊಳಗಿನ ಕುದುರೆಯಲ್ಲಿ ಮಾತ್ರ ನೋಡಿದ್ದು."

ಒಳಗೆ ಬಂದು ಒಲೆಯ ಪಕ್ಕ ಕೂತು ವರದಿ ಬರೆದರು. ಸೊಲೊಂಗೊ ಅಲ್ಲೇ ಮುದ್ರೆ ಒತ್ತಿದಳು. "ನರಿನ್ ಬಾವಿ ಪಟ್ಟಿಗೆ ಸೇರುತ್ತೆ ಖಾಂಡ್ ಅಮ್ಮ. ಏಪ್ರಿಲ್‌ನಿಂದ ಇಲ್ಲಿ ಲಾರಿ ಓಡಲ್ಲ. ನನ್ನ ಮಾತು ಅಂತ ಇಟ್ಕೊಳ್ಳಿ." ಪ್ರತಿಯನ್ನು ನನಗೆ ಕೊಟ್ಟಳು. ಓದಿದೆ. ತಪ್ಪುಗಳಿರಲಿಲ್ಲ. ಹನ್ನೊಂದು ವರ್ಷ ಇದಕ್ಕಾಗಿ ಕಾದಿದ್ದೇನೆ. ಕೈಯಲ್ಲಿ ಹಿಡಿದು ಎಲ್ಲಿಡಬೇಕೆಂದು ತೋಚದೆ ಪಗ್ಮಾಗೆ ಕೊಟ್ಟೆ, ಅವಳು ಪೆಟ್ಟಿಗೆಯಲ್ಲಿಟ್ಟಳು.

ಅಷ್ಟರಲ್ಲಿ ಮಾಂಸ ಬೆಂದಿತ್ತು. ಶ್ವಾಸಕೋಶ ತೆಗೆದು ಉಳಿದದ್ದನ್ನೆಲ್ಲ ಪಗ್ಮಾ ತಟ್ಟೆಯಲ್ಲಿ ಜೋಡಿಸಿ ಅವರ ಮುಂದಿಟ್ಟಳು. ಬಾಲ ಅಂಗೈಯಷ್ಟೇ ಇತ್ತು. ಆವಿ ಏಳುತ್ತಿತ್ತು.

ಚಾಲಕ ಗಡಿಯಾರ ನೋಡಿಕೊಂಡ. "ದಾರಿ ದೂರ ಇದೆ, ಕತ್ತಲಾಗೋದ್ರೊಳಗೆ ಹೊರಡಬೇಕು," ಅಂದ. ಆಗ ಹನ್ನೆರಡೂವರೆ. ಸೊಲೊಂಗೊ ಚಹಾದ ಬಟ್ಟಲನ್ನು ತುಟಿಗೆ ತಾಗಿಸಿ ಕೆಳಗಿಟ್ಟಳು. ಚಹಾ ಇಟ್ಟಷ್ಟೇ ಇತ್ತು. ಲುವ್ಸಾನ್ ಚಾಕು ತೆಗೆದರು, ತಟ್ಟೆ ನೋಡಿದರು, ಚಾಕುವನ್ನು ಒರೆಸಿ ಒರೆಗೆ ಹಾಕಿದರು.

"ತಪ್ಪು ತಿಳ್ಕೋಬೇಡಿ," ಅಂದರು ದಾಮ್ದಿನ್‌ಗೆ.

"ಇಲ್ಲ ಡಾಕ್ಟ್ರೇ," ಅಂದ ಅವನು. "ದಾರಿ ಜಾರುತ್ತೆ, ಹುಷಾರಾಗಿ ಹೋಗಿ."

ಜೀಪು ಮರೆಯಾಗುವವರೆಗೆ ಮೂವರೂ ಹೊರಗೆ ನಿಂತಿದ್ದೆವು. ಈ ಗುಡಾರದಿಂದ ಅತಿಥಿಗಳು ಉಣ್ಣದೆ ಹೋದದ್ದು ಇದೇ ಮೊದಲು. ಪಗ್ಮಾ ಅದನ್ನು ಹೇಳಲಿಲ್ಲ, ದಾಮ್ದಿನ್ ಹೇಳಲಿಲ್ಲ. ನಾನು ಇಲ್ಲಿ ಬರೆಯುತ್ತಿದ್ದೇನೆ.

ಒಳಗೆ ಬಂದು ಕೂತೆವು. ದಾಮ್ದಿನ್ ಬಾಲದ ಕೊಬ್ಬನ್ನು ತೆಳ್ಳಗೆ ಹೆಚ್ಚಿ, ಮೊದಲ ತುಂಡನ್ನು ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದ. ಅತಿಥಿಗಳಿಗೆ ಕೊಡುವ ಹಾಗೆ. ತೆಗೆದುಕೊಂಡೆ. ಆಮೇಲೆ ಪಗ್ಮಾಗೆ ಒಂದು, ತನಗೊಂದು.

ಮೂವರೂ ಉಂಡೆವು. ಮಾಂಸ ಚೆನ್ನಾಗಿತ್ತು.